ಪಹಣಿಯಲ್ಲಿ ಇಲ್ಲದ ಹೆಸರು ಗಿಟ್‌ನಲ್ಲಾದರೂ ಬರಲಿ

ಮೊನ್ನೆ ನಮ್ಮ ಮೇಟಗಳ್ಳಿಯ ಹುಡುಗನೊಬ್ಬ ಸಿಕ್ಕಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ. ಅಪ್ಪ ಫ್ಯಾಕ್ಟರಿಯಲ್ಲಿ ಕಂಟ್ರ್ಯಾಕ್ಟ್ ಕೆಲಸದಲ್ಲಿದ್ದಾರೆ. "ಅಣ್ಣಾ, ಇಂಟರ್ನ್‌ಶಿಪ್ ಮುಗೀತು" ಅಂದ. ಎಷ್ಟು ಕೊಟ್ರಪ್ಪಾ ಅಂತ ಕೇಳಿದೆ. "ಕೊಡೋದೆಲ್ಲಿ ಅಣ್ಣಾ, ನಾನೇ ಐದು ಸಾವಿರ ಕಟ್ಟಿದೆ. ಸರ್ಟಿಫಿಕೇಟ್ ಕೊಟ್ರು." ಅವನು ಕಟ್ಟಿದ್ದು ಅವರಮ್ಮ ಸಂಘದಲ್ಲಿ ಸಾಲ ಎತ್ತಿದ ದುಡ್ಡು.

ಗಿಟ್ ಗೊತ್ತಾ ಅಂದೆ. ಗೊತ್ತು, ಲ್ಯಾಬಲ್ಲಿ ಬಳಸ್ತೀವಿ ಅಂದ. ಆ ಗಿಟ್ ಕಟ್ಟುವವರ ಜೊತೆ ಬೇಸಿಗೆಯಲ್ಲಿ ಕೆಲಸ ಮಾಡಿದರೆ ದುಡ್ಡು ಕೊಡ್ತಾರೆ, ಗೊತ್ತಾ ಅಂದೆ. ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಒಬ್ಬ ಮೇಷ್ಟ್ರೂ ಅವನಿಗೆ ಹೇಳಿರಲಿಲ್ಲ.

ಗಿಟ್ ಅಂದರೆ ಕೋಡ್‌ಗೊಂದು ಪಹಣಿ. ಯಾರು, ಯಾವತ್ತು, ಏನು ಬದಲಾಯಿಸಿದರು ಅನ್ನೋದೆಲ್ಲ ಹೆಸರು ಸಮೇತ ದಾಖಲಾಗುತ್ತೆ. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಬರೆದದ್ದು. ಅದೇ ವರ್ಷ ಗೂಗಲ್ ಸಮ್ಮರ್ ಆಫ್ ಕೋಡ್ ಶುರುವಾಯ್ತು. ಅದರ ಮೂಲಕ ಗಿಟ್‌ಗೆ ಕೋಡ್ ಬರೆದ ಭಾರತದ ವಿದ್ಯಾರ್ಥಿಗಳು ಹಲವರಿದ್ದಾರೆ. ಔಟ್‌ರೀಚಿ ಅಂತ ಇನ್ನೊಂದಿದೆ, ಗಿಟ್ ಅದರಲ್ಲೂ ಭಾಗವಹಿಸಿದೆ. ಮೂರು ತಿಂಗಳಿಗೆ 7,000 ಡಾಲರ್. ನೀವು ಯಾವ ತಾರತಮ್ಯ ಎದುರಿಸಿದ್ದೀರಿ ಅಂತ ಅರ್ಜಿಯಲ್ಲೇ ಕೇಳ್ತಾರೆ. ನಮ್ಮ ಮಕ್ಕಳಿಗೆ ಬರೆಯೋಕೆ ಕಮ್ಮಿ ಇದೆಯಾ?

"ಎಲ್ಲರಿಗೂ ಬಾಗಿಲು ತೆರೆದಿದೆ, ಪ್ರತಿಭೆ ಇದ್ದವರು ಬರಲಿ" ಅಂತೀರಿ. ಬಾಗಿಲ ತನಕ ಬರೋಕೆ ಏನೇನು ಬೇಕು ನೋಡಿ. ಗೂಗಲ್‌ನ ದುಡ್ಡು ಆಯ್ಕೆಯಾದ ಮೇಲೆ ಬರೋದು. ಅದಕ್ಕೂ ಮುಂಚೆ ಗಿಟ್‌ಗೆ ಒಂದು ಚಿಕ್ಕ ಪ್ಯಾಚ್ ಮಾಡಿ ಕಳಿಸಬೇಕು, ಅದನ್ನೇ ಮೈಕ್ರೋಪ್ರಾಜೆಕ್ಟ್ ಅನ್ನೋದು. ತಪ್ಪು ತೋರಿಸಿದರೆ ತಿದ್ದಿ ಮತ್ತೆ ಕಳಿಸಬೇಕು. ಆಮೇಲೆ ಇಂಗ್ಲಿಷಿನಲ್ಲಿ ಯೋಜನೆ ಬರೆದು ಕೊಡಬೇಕು. ಈ ಕೆಲಸಕ್ಕೆ ಒಂದು ಪೈಸೆ ಇಲ್ಲ. ಸ್ವಂತ ಲ್ಯಾಪ್‌ಟಾಪ್, ಇಂಟರ್‌ನೆಟ್, ಬಿಡುವು, "ಹಿಂಗೆ ಬರಿ" ಅಂತ ಹೇಳಿಕೊಡೋ ಒಬ್ಬ ಸೀನಿಯರ್, ಇವೆಲ್ಲ ಮನೆಯಿಂದ ಬರಬೇಕು. ಅರ್ಜಿಯಲ್ಲಿ ಜಾತಿ ಕಾಲಂ ಇಲ್ಲ, ನಿಜ. ಆದರೆ ಬಿಡುವಿಗೆ ಜಾತಿ ಇದೆ. ಭಾನುವಾರ ಕೇಟರಿಂಗ್‌ಗೆ ಹೋಗೋ ಹುಡುಗ ಪ್ಯಾಚ್ ಯಾವಾಗ ಬರೀಬೇಕು?

ಈ ಪ್ರತಿಭೆಯ ಮಾತು ಮೈಸೂರಿಗೆ ಹೊಸದಲ್ಲ. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ಮಾಡಿದಾಗಲೂ ಇದೇ ಮಾತು ಬಂತು. ದಿವಾನ್ ವಿಶ್ವೇಶ್ವರಯ್ಯನವರು ಮೀಸಲಾತಿ ಒಪ್ಪದೆ ಹುದ್ದೆಯನ್ನೇ ಬಿಟ್ಟರು. ನೂರು ವರ್ಷ ಆಯ್ತು, ಮಾತು ಮಾತ್ರ ಬದಲಾಗಿಲ್ಲ.

ಬಾಬಾಸಾಹೇಬರ ಪ್ರತಿಭೆಗೆ ಕಡಿಮೆ ಏನಿತ್ತು? ಆದರೂ 1913ರಲ್ಲಿ ಅವರು ಕೊಲಂಬಿಯಾಕ್ಕೆ ಹೋಗಿದ್ದು ಬರೋಡ ಮಹಾರಾಜರು ತಿಂಗಳಿಗೆ 11.5 ಪೌಂಡ್ ಕೊಟ್ಟಿದ್ದರಿಂದ. ಆ ದುಡ್ಡು ಓದಿ ಮುಗಿಸಿದ ಮೇಲೆ ಬಂದ ಬಹುಮಾನ ಅಲ್ಲ, ಓದುವುದಕ್ಕೆ ಅಂತ ಮೊದಲೇ ಸಿಕ್ಕ ದುಡ್ಡು. ನಾವು ಕೇಳ್ತಿರೋದೂ ಅದನ್ನೇ.

ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂದದ್ದು 2013ರಲ್ಲಿ. ಅದು ನಮ್ಮ ಹಣ. ಅದರಿಂದ ಸಮಾಜ ಕಲ್ಯಾಣ ಇಲಾಖೆಯ ಕಾಲೇಜು ಹಾಸ್ಟೆಲ್‌ಗಳಲ್ಲಿ ರಾತ್ರಿಯೂ ತೆರೆದಿರೋ ಕಂಪ್ಯೂಟರ್ ಕೋಣೆ ಮಾಡಿ. ಅರ್ಜಿಗೆ ತಯಾರಾಗೋ ಮಕ್ಕಳಿಗೆ ಜನವರಿಯಿಂದ ಮೂರು ತಿಂಗಳು ಸ್ಟೈಪೆಂಡ್ ಕೊಡಿ. ದುಡ್ಡು ಕಿತ್ತು ಸರ್ಟಿಫಿಕೇಟ್ ಮಾರೋ ಇಂಟರ್ನ್‌ಶಿಪ್ ಅಂಗಡಿಗಳನ್ನ ಮುಚ್ಚಿಸಿ.

ಐಟಿಯಲ್ಲಿರೋ ನಮ್ಮವರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ನೀಲಿ ಶಾಲು ಹೊದ್ದು ಫೋಟೋ ಹಾಕ್ತೀರಿ, ಸಂತೋಷ. ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ ಮೇಟಗಳ್ಳಿಗೆ ಎಷ್ಟು ದೂರ? ವಾರಕ್ಕೊಂದು ಭಾನುವಾರ ಬನ್ನಿ. ಒಂದು ಹುಡುಗಿಗೆ, ಒಬ್ಬ ಹುಡುಗನಿಗೆ ಮೊದಲ ಪ್ಯಾಚ್ ಕಳಿಸೋದು ಕಲಿಸಿ.

ನಮ್ಮ ತಾತಂದಿರು ಉತ್ತ ಹೊಲದ ಪಹಣಿಯಲ್ಲಿ ಅವರ ಹೆಸರಿರಲಿಲ್ಲ. ಜಗತ್ತೇ ಬಳಸೋ ಈ ಪಹಣಿಯಲ್ಲಾದರೂ ಮೊಮ್ಮಕ್ಕಳ ಹೆಸರು ಬರಲಿ.

ಜೈ ಭೀಮ್.