ನೀರು ಹಾಕಿ ಒಳಗ ಕರಕೊಂಡವರು

ಯುದ್ಧದಾಗ ಹೆಣ್ಣಮಕ್ಕಳ ಮ್ಯಾಲಾದ ಅತ್ಯಾಚಾರದ ಸುದ್ದಿ ಟೀವಿಯೊಳಗ ಬಂದ್ರ ನಾವು ಚಾನೆಲ್ ಬದಲಿ ಮಾಡ್ತೀವಿ. ಮಕ್ಕಳು ಕೂತಿರ್ತಾವ, ಖರೆ. ಆದ್ರ ತಪ್ಪಿಸಿಕೊಂಡು ಬಂದಾಕಿ ಮುಂದ ಹೆಂಗ ಬಾಳ್ತಾಳ, ಅಕಿ ಮನಸ್ಸಿನ ಗಾಯಕ್ಕ ಔಷಧ ಏನು ಅನ್ನೋದು ನಾವು ಹೆಂಗಸರು ಕೂತು ಮಾತಾಡಬೇಕಾದ ವಿಷಯ ನೋಡ್ರಿ.

ಇರಾಕಿನ ಸಿಂಜಾರ ಸೀಮೆಯೊಳಗ ಯಜೀದಿ ಅಂತ ಒಂದು ಸಣ್ಣ ಮತದವರು ಇದ್ದಾರ. 2014ರ ಆಗಸ್ಟ್‌ದಾಗ ಐಸಿಸ್‌ನವರು ಅವರ ಮ್ಯಾಲ ಬಿದ್ದು, ಸಾವಿರಗಟ್ಟಲೆ ಮಂದಿನ್ನ ಕೊಂದು, 6,000ಕ್ಕೂ ಹೆಚ್ಚು ಹೆಂಗಸರು-ಮಕ್ಕಳನ್ನ ಹಿಡಕೊಂಡು ಹೋದ್ರು. ಹುಡಿಗ್ಯಾರನ್ನ ಸಂತ್ಯಾಗ ದನಾ ಮಾರಿದಂಗ ಮಾರಿದ್ರು. 2018ರಾಗ ನೊಬೆಲ್ ಶಾಂತಿ ಪ್ರಶಸ್ತಿ ಬಂತಲ್ಲ ನಾದಿಯಾ ಮುರಾದ್‌ಗೆ, ಅಕಿನೂ ಅವರೊಳಗಿನಾಕಿನ.

ಬ್ಯಾರೆ ಮತದವರ ಜೋಡಿ ಸಂಬಂಧ ಆದವರನ್ನ ಹೊರಗ ಹಾಕೋದು ಯಜೀದಿಗಳ ಹಳೇ ಪದ್ಧತಿ. ಹಿಂಗಾಗಿ ಓಡಿ ಬಂದ ಹುಡಿಗ್ಯಾರಿಗೆ ವೈರಿ ಭಯ ಒಂದಾದ್ರ, ಮನಿಯವರು ಬಾಗಲಾ ತಗೀಲಿಕ್ಕಿಲ್ಲ ಅನ್ನೋ ಭಯ ಇನ್ನೊಂದು. ಆಗ ಅವರ ಹಿರಿಯ ಧರ್ಮಗುರು ಬಾಬಾ ಶೇಖ್ ಅಪ್ಪಣೆ ಕೊಟ್ರು: ಇವರದೇನೂ ತಪ್ಪಿಲ್ಲ, ಇವರು ಯಜೀದಿಗಳ, ಮರ್ಯಾದಿಲೆ ಒಳಗ ಕರಕೊಳ್ರಿ ಅಂತ. ಲಾಲಿಶ್ ಅನ್ನೋ ಅವರ ಕ್ಷೇತ್ರದಾಗ ಬಿಳಿ ಒರತಿ ಅಂತ ಅದ. ಅದರ ನೀರು ತಲಿಗೆ ಹಾಕಿ ಹುಡಿಗ್ಯಾರನ್ನ ಕರಕೊಂಡ್ರು. ನನ್ನ ಕೇಳಿದ್ರ, ಯಾವ ಗುಳಿಗಿಗಿಂತಾ ಮೊದಲು ಬೇಕಾಗಿದ್ದ ಔಷಧ ಅದ.

ಹಂಗಂತ ನೀರು ಹಾಕಿದ್ರ ಎಲ್ಲಾ ಮುಗೀತು ಅನ್ನಂಗಿಲ್ಲ. ಎಷ್ಟೋ ಮಂದಿಗೆ ತಲಿಬ್ಯಾನಿ, ಹೊಟ್ಟಿಬ್ಯಾನಿ, ಕೆಲವರಿಗೆ ಇದ್ದಕ್ಕಿದ್ದಂಗ ಮೂರ್ಛೆ. ತಪಾಸಣಿ ಮಾಡಿದ್ರ ಮೈಯಾಗ ಏನೂ ಸಿಗೂದಿಲ್ಲ. (ನಮ್ಮಲ್ಲಾದ್ರ 'ನಾಟಕ ಮಾಡ್ತಾಳ' ಅಂತಿದ್ರು, ಇಲ್ಲಾ ತಾಯತ ಕಟ್ಟಸ್ತಿದ್ರು.) ಇದಕ್ಕ ಕಲತವರ ಬೇಕು. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2015ರಿಂದ ಸುಮಾರು 1,100 ಹೆಂಗಸರು-ಮಕ್ಕಳನ್ನ ಕರಿಸಿಕೊಂಡು ಚಿಕಿತ್ಸಾ ಕೊಡಸ್ತು. ಆ ಕೆಲಸದಾಗ ಮುಂದಿದ್ದ ಮನಶ್ಶಾಸ್ತ್ರಜ್ಞ ಯಾನ್ ಇಲ್ಹಾನ್ ಕಿಝಿಲ್ಹಾನ್ ಅವರೂ ಯಜೀದಿನ. ಆಮ್ಯಾಲ ಇರಾಕಿನ ದುಹೋಕ್‌ದಾಗ ಅಲ್ಲಿಯವರಿಗೇ ಈ ವಿದ್ಯಾ ಕಲಿಸೋ ಸಂಸ್ಥಾ ಕಟ್ಟಿದ್ರು. ಇದು ನನಗ ಭಾಳ ಸೇರ್ತು. ದುಃಖ ಹೇಳಿಕೊಳ್ಳಲಿಕ್ಕೆ ನಮ್ಮ ಮಾತು ಬರಾವರ ಎದುರಿಗೆ ಕೂಡಬೇಕರಿ. ನಡುವ ದುಭಾಷಿ ಕೂತ್ರ ಅರ್ಧಾ ಮಾತು ಗಂಟಲಾಗ ಉಳೀತದ.

ಮತ್ತ ಮತ್ತ ಕೆದಕಿ ಕೇಳೋದೂ ಒಂದು ಹಿಂಸಾನ. ಪತ್ರಕರ್ತರು, ತನಿಖಾದವರು, ಬಂಧು-ಬಳಗ, ಎಲ್ಲಾರಿಗೂ 'ಏನಾತು ಹೇಳು' ಅನ್ನೋ ಅವಸರ. ಅದಕ್ಕ 2022ರಾಗ ನಾದಿಯಾನ ಹೆಸರಿಲೆ 'ಮುರಾದ್ ಕೋಡ್' ಅಂತ ನಿಯಮ ಮಾಡ್ಯಾರ. ಹೇಳೋದು ಬಿಡೋದು ಅಕಿ ಇಚ್ಛಾ ಅಂತ ಅದರಾಗ ಅದ.

ಆದ್ರ ಒಂದು ಮಾತಿಗೆ ನನ್ನ ಒಪ್ಪಿಗಿ ಇಲ್ಲ. ಆ ಸೆರಿಯೊಳಗ ಹುಟ್ಟಿದ ಕೂಸುಗಳ ಗತಿ ಏನು? ತಂದಿ ತಾಯಿ ಇಬ್ಬರೂ ಯಜೀದಿ ಇದ್ರಷ್ಟ ಮಗು ಯಜೀದಿ. ಇರಾಕಿನ ಕಾನೂನೂ ಆ ಮಕ್ಕಳನ್ನ ಮುಸ್ಲಿಂ ಅಂತನ ಬರಕೋತದ. 2019ರಾಗ ಅವರ ಧರ್ಮ ಪರಿಷತ್ತು ಎಲ್ಲಾ ಮಕ್ಕಳನ್ನೂ ಕರಕೋತೀವಿ ಅಂದಂಗ ಅಂದು, ಕೆಲವ ದಿನದಾಗ ಈ ಮಕ್ಕಳು ಅದರಾಗ ಬರಂಗಿಲ್ಲ ಅಂತ ಹಿಂದ ಸರೀತು. ಸಣ್ಣ ಜನಾಂಗ, ಉಳಿಯೋ ಚಿಂತಿ ಅವರಿಗದ, ತಿಳೀತದ. ಆದರ ತೊಡಿ ಮ್ಯಾಲಿನ ಕೂಸು ಕಸಗೊಂಡು ಅಕಿಗೆ ಸಮಾಧಾನ ಹೇಳ್ತೀನಿ ಅಂದ್ರ ಯಾವ ಡಾಕ್ಟರಿಂದ ಆಗೂ ಮಾತರಿ? 2021ರಾಗ ಇರಾಕ್ ಸರಕಾರ ಈ ಹೆಣ್ಣಮಕ್ಕಳಿಗೆ ತಿಂಗಳ ಪಗಾರ, ಜಾಗಾ, ಮನಸ್ಸಿನ ಚಿಕಿತ್ಸಾ ಅಂತ ಕಾನೂನು ಮಾಡೇದ. ಅದರಾಗೂ ಈ ಕೂಸುಗಳ ಮಾತಿಲ್ಲ. ಅವನ್ನ ಬಿಟ್ಟು ಬರಲಾರದ ಸಿರಿಯಾದಾಗ ಉಳದ ತಾಯಂದಿರೂ ಇದ್ದಾರ.