ಹುಲ್ಲುಹಾಸಿಗೆ ಟ್ಯಾಂಕರ್, ಊರಿಗೆ ಸರದಿ

ಮೊದಲು ಒಂದು ಸಣ್ಣ ಲೆಕ್ಕ. ಬಯಲುಸೀಮೆಯ ಬೇಸಿಗೆಯಲ್ಲಿ ಲಾನ್ ಹಸಿರಾಗಿರಬೇಕಾದರೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಹತ್ತು ಗುಂಟೆ ಎಂದರೆ ಸುಮಾರು 1,000 ಚದರ ಮೀಟರ್. ಅಲ್ಲಿಗೆ ದಿನಕ್ಕೆ 5,000 ಲೀಟರ್, ಒಂದು ಟ್ಯಾಂಕರ್. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ ಕೊಡಬೇಕಾದ ನೀರು 55 ಲೀಟರ್. ಅಂದರೆ 90 ಜನರ ಪಾಲನ್ನು ಹತ್ತು ಗುಂಟೆ ಹುಲ್ಲು ಕುಡಿಯುತ್ತದೆ. ಆ ಹುಲ್ಲನ್ನು ದನ ಮೇಯುವಂತಿಲ್ಲ, ಮಕ್ಕಳು ತುಳಿಯುವಂತಿಲ್ಲ. ಅದಕ್ಕೊಂದು ಬೋರ್ಡು ಬೇರೆ.

ನಾನು ವರದಿ ಮಾಡುವುದು ಚಿತ್ರದುರ್ಗ ಜಿಲ್ಲೆಯಿಂದ. ಚಳ್ಳಕೆರೆ ಕಡೆ ವರ್ಷದ ಸರಾಸರಿ ಮಳೆ 500 ಮಿ.ಮೀ. ಒಳಗೇ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಇಂಥ ಸೀಮೆಯಲ್ಲಿ ಹೊಸ ಸರ್ಕಾರಿ ಕಟ್ಟಡ ಎದ್ದರೆ ಸಾಕು, ಮುಂದೆ ಲಾನ್, ದಾರಿಯ ಎರಡೂ ಬದಿ ಪಾಮ್, ಕಾಂಪೌಂಡಿನ ಅಂಚಿಗೆ ಕೊನೊಕಾರ್ಪಸ್. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬಿಸಿ ತಟ್ಟಿದಾಗ ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ರಾಜಧಾನಿಗೆ ಒಂದು ಬೇಸಿಗೆಯಲ್ಲಿ ಬಂದ ಬುದ್ಧಿ ಬಯಲುಸೀಮೆಯ ಕಚೇರಿಗಳಿಗೆ ಯಾಕೆ ಬರುವುದಿಲ್ಲ?

ಕೇಳಿದರೆ ಅಧಿಕಾರಿಗಳ ಬಳಿ ಉತ್ತರ ರೆಡಿ ಇರುತ್ತದೆ: 'ಲಾನ್ ಬಿಡಿ, ಉಳಿದದ್ದೆಲ್ಲ ಬರ ತಡೆಯುವ ಗಿಡಗಳೇ ಅಲ್ಲವಾ?' ಈ ಮಾತಿಗೆ ಮರುಳಾಗಬಾರದು. ಬರ ತಡೆಯುತ್ತದೆ ಎಂಬ ಒಂದೇ ಗುಣ ನೋಡಿ ತಂದ ಗಿಡಗಳ ಕತೆ ನಮಗೆ ಗೊತ್ತಿದೆ. ಬಳ್ಳಾರಿ ಜಾಲಿಗೆ ನಮ್ಮ ಪಕ್ಕದ ಜಿಲ್ಲೆಯ ಹೆಸರಿದ್ದರೂ ಅದರ ಮೂಲ ಅಮೆರಿಕ ಖಂಡ. ಬ್ರಿಟಿಷರ ಕಾಲದಲ್ಲಿ ಬಂದದ್ದು ಇವತ್ತು ಕೆರೆಯಂಗಳ, ಗೋಮಾಳ ಎಲ್ಲವನ್ನೂ ನುಂಗಿ ಕೂತಿದೆ. ನೀಲಗಿರಿಯನ್ನು ದಶಕಗಳ ಕಾಲ ನೆಡಿಸಿದ ಸರ್ಕಾರವೇ ಅಂತರ್ಜಲದ ಕಾರಣಕ್ಕೆ 2017ರಲ್ಲಿ ಅದನ್ನು ನೆಡದಂತೆ ನಿಷೇಧಿಸಿತು. ಸೊಮಾಲಿಯಾ ಕಡೆಯ ಕೊನೊಕಾರ್ಪಸ್‌ನ ಬೇರು ಚರಂಡಿ, ಕೇಬಲ್‌ಗಳನ್ನು ಕೆಡಿಸುತ್ತದೆ, ಪರಾಗದಿಂದ ಅಲರ್ಜಿ ಬರುತ್ತದೆ ಎಂದು ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನಿಷೇಧಿಸಿದೆ. ಗಿಡ ಬರ ತಡೆದರೆ ಸಾಲದು, ಈ ನೆಲದ ದನ, ಹಕ್ಕಿ, ಜೇನಿಗೂ ಬೇಕಾದದ್ದಾಗಿರಬೇಕು.

ಅಂಥ ಗಿಡಗಳಿಗೆ ನಮ್ಮಲ್ಲಿ ಬರವಿಲ್ಲ. ಬೇಲಿಗೆ ಬಂದರಿಕೆ ಇದೆ. ತಂಗಡಿ ಕಲ್ಲುಭೂಮಿಯಲ್ಲೂ ಮೈತುಂಬಾ ಹಳದಿ ಹೂ ಬಿಡುತ್ತದೆ, ದನಕರು ಅದಕ್ಕೆ ಬಾಯಿ ಹಾಕುವುದು ಕಮ್ಮಿ. ಶಿವರಾತ್ರಿ ಹೊತ್ತಿಗೆ ಎಲೆಯುದುರಿ ಕೆಂಪಾಗಿ ನಿಲ್ಲುವ ಮುತ್ತುಗ, ಉರಿಬಿಸಿಲಲ್ಲಿ ಹೂಗೊಂಚಲು ಇಳಿಬಿಡುವ ಕಕ್ಕೆ, ನೆರಳಿಗೆ ಬೇವು, ಹೊಂಗೆ, ದೊಡ್ಡ ಆವರಣವಾದರೆ ಕಮರ. ಕವಳೆ ಗಿಡ ಬೇಲಿಯೂ ಆಗುತ್ತದೆ, ಹಣ್ಣೂ ಕೊಡುತ್ತದೆ. ಇವಕ್ಕೆ 'ಲುಕ್' ಇಲ್ಲ ಎನ್ನುವವರು ಏಪ್ರಿಲ್‌ನಲ್ಲಿ ಒಂದು ಕಕ್ಕೆ ಮರದ ಕೆಳಗೆ ನಿಂತು ಆ ಮಾತು ಹೇಳಲಿ.

ಇವು ನಿಧಾನಕ್ಕೆ ಬೆಳೆಯುತ್ತವೆ ಎಂಬ ದೂರು ನಿಜ. ಮೊದಲ ಎರಡು ಮೂರು ಬೇಸಿಗೆ ನೀರು ಹಾಕಲೇಬೇಕು ಎಂಬುದೂ ನಿಜ. ಆದರೆ ಅದು ಎರಡು ಮೂರು ಬೇಸಿಗೆಯ ಖರ್ಚು. ಲಾನ್‌ನದು ಕಟ್ಟಡ ಇರುವವರೆಗಿನ ಖರ್ಚು. ಗುತ್ತಿಗೆದಾರನಿಗೆ ಬಿಲ್ ಪಾಸಾಗುವ ದಿನ ಹಸಿರು ಕಂಡರೆ ಸಾಕು, ಊರಿನವರಿಗೆ ಇಪ್ಪತ್ತು ವರ್ಷದ ನೆರಳು ಬೇಕು. ಎಸ್ಟಿಮೇಟ್ ಯಾರನ್ನು ನೋಡಿ ಬರೆಯುತ್ತಾರೆ ಎಂಬುದೇ ಪ್ರಶ್ನೆ.

ಇನ್ನು ನೆಡುವ ದಿನ. ಜೂನ್ 5ಕ್ಕೆ ಪರಿಸರ ದಿನ, ಒಂದು ಸಸಿಗೆ ಹತ್ತು ಕೈ, ಫೋಟೊ. ಆ ಫೋಟೊಗಳನ್ನು ಪತ್ರಿಕೆಗೆ ಕಳಿಸುವವರು ನಾವೇ. ಆದರೆ ಚಳ್ಳಕೆರೆ, ಹಿರಿಯೂರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ನೆಟ್ಟ ಸಸಿ ಮಳೆಗಾಗಿ ಮೂರು ತಿಂಗಳು ಕಾಯಬೇಕು. ಬಹಳಷ್ಟು ಕಾಯುವುದಿಲ್ಲ. ಮಲೆನಾಡಿನ ಕ್ಯಾಲೆಂಡರ್ ಹಿಡಿದು ಬಯಲುಸೀಮೆಯಲ್ಲಿ ಗಿಡ ನೆಟ್ಟರೆ ಇನ್ನೇನಾಗುತ್ತದೆ?

ಇದರ ಹಿಂದೆ ಹಳೆಯ ತಾತ್ಸಾರವೊಂದಿದೆ. ಹುಲ್ಲು ಒಣಗಿದ ನೆಲ ಕಂಡರೆ ಕಡತದಲ್ಲಿ 'ಬಂಜರು' ಎಂದು ಬರೆಯುವ ತಾತ್ಸಾರ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆಯನ್ನು ಸಂಸ್ಥೆಗಳಿಗೆ ಹಂಚಿದ್ದೂ ಅದೇ ಕಣ್ಣಿನಿಂದ ನೋಡಿ. ಊರವರ ಕುರಿ, ದನ ಅಲ್ಲೇ ಮೇಯುತ್ತಿದ್ದವು. ತಾನಾಗಿ ಬೆಳೆದ ಹುಲ್ಲು ಬಂಜರಂತೆ, ಟ್ಯಾಂಕರ್ ನೀರು ಕುಡಿದ ಹುಲ್ಲು ಅಭಿವೃದ್ಧಿಯಂತೆ!

ಕೇಳುವುದು ನಾಲ್ಕೇ ವಿಷಯ. ಬಯಲುಸೀಮೆ ಜಿಲ್ಲೆಗಳ ಸರ್ಕಾರಿ ಎಸ್ಟಿಮೇಟಿನಿಂದ ಲಾನ್ ತೆಗೆಯಿರಿ. ಆಯಾ ತಾಲ್ಲೂಕಿನ ಗಿಡಗಳ ಪಟ್ಟಿ ಮಾಡಿ, ಸಸಿಗಳನ್ನು ಅರಣ್ಯ ಇಲಾಖೆಯ ನರ್ಸರಿಯಲ್ಲೇ ಬೆಳೆಸಿ. ನೆಡುವ ದಿನವನ್ನು ಮಳೆ ನೋಡಿ ಗೊತ್ತು ಮಾಡಿ. ಗುತ್ತಿಗೆದಾರನ ಕೊನೆಯ ಬಿಲ್ಲನ್ನು ಮೂರನೇ ಬೇಸಿಗೆ ಕಳೆದ ಮೇಲೆ, ಬದುಕಿರುವ ಗಿಡ ಎಣಿಸಿ ಕೊಡಿ.

ಓದುತ್ತಿರುವ ನೀವೂ ಒಂದು ಕೆಲಸ ಮಾಡಬಹುದು. ನಿಮ್ಮ ತಾಲ್ಲೂಕು ಕಚೇರಿಯ ಲಾನ್‌ಗೆ ದಿನಕ್ಕೆ ಎಷ್ಟು ನೀರು, ಎಲ್ಲಿಂದ, ಯಾರ ದುಡ್ಡಲ್ಲಿ ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಉತ್ತರ ಬಂದರೆ ಇಲ್ಲಿಗೆ ಕಳಿಸಿ, ಪ್ರಕಟಿಸುತ್ತೇವೆ.