ದ್ರಾಕ್ಷಿ ಎಲೆಯ ಕೆಳಗೊಂದು ಈಜು

ಅಕ್ಟೋಬರ್ ಚಾಟ್ನಿ ಆದಮೇಲೆ ಮಳೆ ಬಿದ್ದರೆ ತಿಕೋಟಾದ ನಮ್ಮ ಮಾಮಾನ ಬೈಕು ಸೊಲ್ಲಾಪುರ ರಸ್ತೆಯ ಔಷಧಿ ಅಂಗಡಿ ಮುಂದೆಯೇ ನಿಂತಿರುತ್ತೆ. ಈ ಸಲ ಫೋನ್ ಮಾಡಿ ಕೇಳಿದ: "ಯವ್ವಾ, ಔಷಧ ಹೊಡದೀವಿ. ಆದ್ರೂ ಎಲಿ ಮ್ಯಾಲ ಎಣ್ಣಿ ಬಿದ್ದಂಗ ಕಾಣ್ತೈತಿ. ಈ ಡೌನಿ ಒಳಗ ಹೋಗೂದಾದ್ರೂ ಹೆಂಗ?"

ಈಜಿಕೊಂಡು ಹೋಗುತ್ತೆ! ಡೌನಿ ರೋಗಾಣುವಿನ ಬೀಜಕೋಶ ಗಾಳಿಯಲ್ಲಿ ಬಂದು ಒದ್ದೆ ಎಲೆ ಮೇಲೆ ಕೂರುತ್ತೆ. ಅದು ಒಡೆದರೆ ಎರಡೆರಡು ಬಾಲವಿರುವ ಪುಟ್ಟ ಜೀವಕೋಶಗಳು ಹೊರಬಿದ್ದು, ಎಲೆಯ ತೆಳು ನೀರಿನಲ್ಲಿ ಈಜತೊಡಗುತ್ತವೆ. ಅವಕ್ಕೆ ಕಣ್ಣಿಲ್ಲ, ಮೂಗಿಲ್ಲ. ಆದರೂ ಎಲೆ ಉಸಿರಾಡುವ ರಂಧ್ರದ ಹತ್ತಿರವೇ ಬಂದು ಸೇರುತ್ತವೆ. ಅಲ್ಲಿಂದ ಸೋರುವ ರಾಸಾಯನಿಕ ಸುಳಿವೇ ಅವಕ್ಕೆ ದಾರಿ. ತಲುಪಿದ ಮೇಲೆ ಬಾಲ ಉದುರಿಸಿ, ಮೈಗೆ ಕವಚ ಹಾಕಿಕೊಂಡು, ರಂಧ್ರದೊಳಕ್ಕೆ ಒಂದು ಎಳೆ ಬಿಡುತ್ತವೆ. ಎಣ್ಣೆ ಕಲೆ ಕಾಣೋದು ಎಷ್ಟೋ ದಿನ ಕಳೆದ ಮೇಲೆ.

ಜೀವಕೋಶದ ಮೈಮೇಲಿನ ಗ್ರಾಹಕಗಳು ಒಂದು ರಾಸಾಯನಿಕ ಎಲ್ಲಿ ಹೆಚ್ಚಿದೆ ಅಂತ ಗುರುತಿಸುತ್ತವೆ, ಜೀವಕೋಶ ಅತ್ತ ಸಾಗುತ್ತೆ. ಜರ್ಮನಿಯ ವಿಲ್ಹೆಲ್ಮ್ ಫೆಫರ್ 1884ರಲ್ಲೇ ಜರೀಗಿಡದ ಗಂಡುಕಣಗಳು ಮ್ಯಾಲಿಕ್ ಆಮ್ಲದತ್ತ ಈಜುವುದನ್ನು ತೋರಿಸಿದ್ದ. (ಕಾಯಿದ್ರಾಕ್ಷಿ ಹುಳಿಯಲ್ಲೂ ಅದೇ ಆಮ್ಲ ಇದೆ.) ಚಾಟ್ನಿ ಕತ್ತರಿ ಬೆರಳಿಗೆ ತಾಗಿದಾಗ ನಮ್ಮ ಬಿಳಿ ರಕ್ತಕಣಗಳು ಗಾಯದ ಕಡೆ ತೆವಳಿ ಬರೋದೂ ಇದೇ ತಂತ್ರದಿಂದ. ಅಲ್ಲಿ ನಮ್ಮ ಪರ, ಇಲ್ಲಿ ತೋಟದ ವಿರುದ್ಧ.

ಈಗ ಮಾಮಾನ ಪ್ರಶ್ನೆಗೆ ಬರೋಣ. ದ್ರಾಕ್ಷಿ ಎಲೆಯ ಈ ರಂಧ್ರಗಳು ಇರೋದು ಕೆಳಮುಖದಲ್ಲಿ. ಮೇಲ್ಮುಖ ನೀಲಿ ಕಂಡಿತು ಅಂತ ಸಮಾಧಾನಪಟ್ಟರೆ ಬಾಗಿಲು ಬಿಟ್ಟು ಗೋಡೆ ಕಾದಂತೆ. ಫ್ರಾನ್ಸ್‌ನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಬೋರ್ಡೋ ಮಿಶ್ರಣವನ್ನು ಇವತ್ತಿಗೂ ಬಳಸುತ್ತೇವೆ. ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಅದರ ತಾಮ್ರ ಈಜುತ್ತಿರುವ ಜೀವಕೋಶವನ್ನು ನೀರಲ್ಲೇ ಕೊಲ್ಲುತ್ತೆ, ಒಳಗೆ ಹೊಕ್ಕಿದ್ದನ್ನು ಮುಟ್ಟಲ್ಲ. ಅದಕ್ಕೇ ಮಳೆಗೆ ಮೊದಲು, ಎಲೆಯ ಕೆಳಗೂ ತಾಗೋ ಹಾಗೆ ಹೊಡೀಬೇಕು.

ಇನ್ನೊಂದು ಮಾತು ಮಾಮಾನಿಗೆ ಅಷ್ಟು ಹಿಡಿಸಲಿಲ್ಲ. ನೀರಿಲ್ಲದಿದ್ದರೆ ಸುಳಿವಿದ್ದೂ ಅದು ಈಜಲಾರದು. ಹಾಗಾಗಿ ಹೆಚ್ಚಿನ ಚಿಗುರು ತೆಗೆದು, ಎಲೆ ಬೇಗ ಒಣಗುವಂತೆ ಗಾಳಿಯಾಡಲು ಬಿಡಬೇಕು. ಅದಕ್ಕೆ ಅಂಗಡಿ ಬಿಲ್ ಇಲ್ಲ, ಆಳಿನ ಕೂಲಿ ಅಷ್ಟೇ.